ಪಿಟಿಇ: ಕೇಳಿ ಬರೆಯೋದು, ಓದಿ ಬರೆಯೋದು, ಕೇಳಿ ಹೇಳೋದು. ತಯಾರಿ ಎಲ್ಲಿಂದ ಶುರು ಮಾಡೋದು?

ಹೊಸದುರ್ಗ_ಗಾಳಿ

ಪಿಟಿಇ ಅಕಾಡೆಮಿಕ್ (ವಿದೇಶಕ್ಕೆ ಹೋಗುವವರು ಕಂಪ್ಯೂಟರಿನಲ್ಲಿ ಬರೆಯುವ ಇಂಗ್ಲಿಷ್ ಪರೀಕ್ಷೆ) ಬಗ್ಗೆ ಗೊತ್ತಿರುವವರಿಗೆ ಒಂದು ಪ್ರಶ್ನೆ. ಮಾಕ್ ಟೆಸ್ಟ್‌ನ ಅಂಕ ಹೀಗಿದೆ ಅಂದುಕೊಳ್ಳಿ: ಲಿಸನಿಂಗ್ 61, ರೀಡಿಂಗ್ 70, ಸ್ಪೀಕಿಂಗ್ 73, ರೈಟಿಂಗ್ 62. ಪ್ರಬಂಧ ಸರಿಯಾಗಿದೆ, ವ್ಯಾಕರಣದಲ್ಲೂ ಅಂಥ ತಪ್ಪಿಲ್ಲ. ಆದರೂ ರೈಟಿಂಗ್ ಮೇಲೇಳುತ್ತಿಲ್ಲ. ಇನ್ನಷ್ಟು ಪ್ರಬಂಧ ಬರೆದು ಅಭ್ಯಾಸ ಮಾಡಬೇಕಾ? ಎರಡೆರಡು ಕೌಶಲ ಸೇರಿರುವ ಪ್ರಶ್ನೆಗಳಿಗೆ ಬೇರೆ ತಯಾರಿ ಬೇಕು ಅಂತಾರೆ, ಅದು ಹೇಗೆ? ಪರೀಕ್ಷೆಗೆ ಆರು ವಾರ ಇದೆ.

ಕರಾವಳಿ_ಕಿವಿ

ಪ್ರಬಂಧದ ತಲೆಬಿಸಿ ಬಿಡಿ. ಲಿಸನಿಂಗ್, ರೈಟಿಂಗ್ ಎರಡೂ ಒಟ್ಟಿಗೆ ಕೆಳಗಿದ್ದರೆ ಕಳ್ಳ ಸಿಕ್ಕಿಬಿದ್ದ ಹಾಗೆಯೇ: ಅದು ರೈಟ್ ಫ್ರಮ್ ಡಿಕ್ಟೇಶನ್, ಅಂದರೆ ಕೇಳಿದ ವಾಕ್ಯವನ್ನು ಹಾಗೇ ಟೈಪ್ ಮಾಡುವ ಪ್ರಶ್ನೆ.

ಪಿಟಿಇಯಲ್ಲಿ ವಿಭಾಗದ ಹೆಸರು ಒಂದು, ಅಂಕ ಹೋಗುವ ದಾರಿ ಇನ್ನೊಂದು. ಡಿಕ್ಟೇಶನ್ ಬರುವುದು ಲಿಸನಿಂಗ್ ವಿಭಾಗದ ಕಟ್ಟಕಡೆಗೆ, ಆದರೆ ಅದರ ಅಂಕ ಲಿಸನಿಂಗ್‌ಗೂ ಹೋಗುತ್ತದೆ, ರೈಟಿಂಗ್‌ಗೂ ಹೋಗುತ್ತದೆ. ರಿಪೀಟ್ ಸೆಂಟೆನ್ಸ್ (ಕೇಳಿದ ವಾಕ್ಯ ಹಾಗೇ ಹೇಳುವುದು) ಮತ್ತು ರೀಟೆಲ್ ಲೆಕ್ಚರ್ (ಉಪನ್ಯಾಸ ಕೇಳಿ ಸಾರ ಹೇಳುವುದು) ಎರಡೂ ಲಿಸನಿಂಗ್-ಸ್ಪೀಕಿಂಗ್ ಜೋಡಿ. ಸಮರೈಸ್ ರಿಟನ್ ಟೆಕ್ಸ್ಟ್ (ಓದಿದ್ದರ ಸಾರಾಂಶ ಬರೆಯುವುದು) ಅಂದರೆ ರೀಡಿಂಗ್-ರೈಟಿಂಗ್. ಸಮರೈಸ್ ಸ್ಪೋಕನ್ ಟೆಕ್ಸ್ಟ್ (ಕೇಳಿದ್ದರ ಸಾರಾಂಶ ಬರೆಯುವುದು) ಅಂದರೆ ಲಿಸನಿಂಗ್-ರೈಟಿಂಗ್. ತಪ್ಪು ಪದ ಗುರುತಿಸುವ ಪ್ರಶ್ನೆ ಕೂಡ ಲಿಸನಿಂಗ್-ರೀಡಿಂಗ್ ಜೋಡಿಯೇ. ಒಂದು ಕಡೆ ಎಡವಿದರೆ ಎರಡು ಕಡೆ ಗಾಯ. ಅದಕ್ಕೇ "ರೈಟಿಂಗ್ ಕಮ್ಮಿ ಬಂತು, ಪ್ರಬಂಧ ಬರೀತೀನಿ" ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ.

ಡಿಕ್ಟೇಶನ್‌ನಲ್ಲಿ ವಾಕ್ಯ ಮೂರರಿಂದ ಐದು ಸೆಕೆಂಡು, ಒಂದೇ ಸಲ ಕೇಳಿಸುತ್ತದೆ. ಅಂಥವು ಮೂರೋ ನಾಲ್ಕೋ ಇರುತ್ತವೆ. ಸ್ಪೆಲಿಂಗ್ ಸಮೇತ ಸರಿಯಾದ ಪ್ರತಿ ಪದಕ್ಕೆ ಒಂದು ಅಂಕ. ಉದಾಹರಣೆಗೆ ಈ ವಾಕ್ಯ ನೋಡಿ:

"ದಿ ಪ್ರೊಫೆಸರ್ ಹ್ಯಾಸ್ ಪೋಸ್ಟ್‌ಪೋನ್ಡ್ ದಿ ಲೆಕ್ಚರ್ಸ್ ಅಂಟಿಲ್ ದಿ ಎಂಡ್ ಆಫ್ ದಿ ಟರ್ಮ್."

ಹನ್ನೆರಡು ಪದ. ನಮ್ಮವರು ಹೆಚ್ಚಾಗಿ ಬರೆಯುವುದು ಹೀಗೆ: "ಪ್ರೊಫೆಸರ್ ಹ್ಯಾಸ್ ಪೋಸ್ಟ್‌ಪೋನ್ಡ್ ಲೆಕ್ಚರ್ ಅಂಟಿಲ್ ಎಂಡ್ ಆಫ್ ಟರ್ಮ್." ಅರ್ಥ ಪೂರ್ತಿ ಇದೆ. ಅಂಕ ಮಾತ್ರ 12ಕ್ಕೆ 7. ನಾಲ್ಕು "ದಿ" ಹೋಯಿತು, "ಲೆಕ್ಚರ್ಸ್" ಬಾಲದ "ಸ್" ಹೋಯಿತು. ಬರೆದವರಿಗೆ ಮಾತ್ರ "ಎಲ್ಲ ಸರಿ ಬರೆದೆ" ಅನ್ನುವ ಸಮಾಧಾನ. ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಹಾಗಾಗಿ ಕಿವಿಗೆ ಬಿದ್ದರೂ ಮನಸ್ಸು ಅದನ್ನು ಸದ್ದು ಅಂತ ಬಿಟ್ಟುಬಿಡುತ್ತದೆ.

ಹೊಸದುರ್ಗ_ಗಾಳಿ

ಇದು ಗೊತ್ತಿರಲಿಲ್ಲ. ಹಾಗಾದರೆ "ದಿ" ಕೇಳಿಸುವ ಹಾಗೆ ಕಿವಿ ಪಳಗಿಸೋದು ಹೇಗೆ? ಎಷ್ಟು ಸಲ ಕೇಳಿದರೂ ಅದು ನುಂಗಿಹೋಗುತ್ತೆ.

ಕರಾವಳಿ_ಕಿವಿ

ಪೂರ್ತಿ ಕೇಳಿಸಲೇಬೇಕು ಅಂತೇನಿಲ್ಲ. ಅರ್ಧ ಕಿವಿಯಿಂದ, ಅರ್ಧ ವ್ಯಾಕರಣದಿಂದ ಹಿಡಿಯಬೇಕು. ಕನ್ನಡದಲ್ಲಿ ಒಂದೊಂದು ಅಕ್ಷರಕ್ಕೂ ಹೆಚ್ಚುಕಡಿಮೆ ಸಮ ತೂಕ. ಇಂಗ್ಲಿಷ್‌ನಲ್ಲಿ ಒತ್ತು ಬಿದ್ದ ಅಕ್ಷರ ಉಬ್ಬುತ್ತದೆ, "ಆಫ್", "ಟು", "ದಿ", "ಹ್ಯಾವ್" ಸೊರಗುತ್ತವೆ. "ದಿ ಎಂಡ್ ಆಫ್ ದಿ ಟರ್ಮ್" ಅನ್ನುವುದು "ದಿಯೆಂಡವ್‌ದಟರ್ಮ್" ಅಂತ ಒಂದೇ ಉಸಿರಲ್ಲಿ ಬರುತ್ತದೆ. ಎರಡು ದೊಡ್ಡ ಪದಗಳ ನಡುವೆ ಒಂದು ಚಿಕ್ಕ ಅಡಚಣೆ ಇದ್ದಂತೆ ಅನ್ನಿಸಿದರೆ ಅಲ್ಲೊಂದು ಪದ ಕೂತಿದೆ ಅಂತಲೇ ಲೆಕ್ಕ.

ಅಭ್ಯಾಸ ಹೀಗಿರಲಿ. ದಿನಕ್ಕೆ 20 ವಾಕ್ಯ. ಒಂದೇ ಸಲ ಕೇಳಿ ಟೈಪ್ ಮಾಡಿ. ಆಮೇಲೆ ಉತ್ತರ ನೋಡುವ ಮೊದಲು ನಿಮ್ಮ ವಾಕ್ಯವನ್ನೇ ಮೂರು ಪ್ರಶ್ನೆ ಕೇಳಿ: ಎಣಿಸಬಹುದಾದ ಏಕವಚನ ನಾಮಪದ ಒಂಟಿಯಾಗಿ ನಿಂತಿದೆಯಾ? ಕರ್ತೃವಿಗೆ ಕ್ರಿಯಾಪದ ಹೊಂದುತ್ತಾ? ಕೊನೆಯ "ಸ್", "ಡ್" ಬಿಟ್ಟಿದ್ದೀನಾ? ಇದಾದ ಮೇಲೆ ಉತ್ತರದ ಜೊತೆ ಹೋಲಿಸಿ, ಬಿಟ್ಟ ಪದಗಳನ್ನು ಮಾತ್ರ ಬೇರೆ ಹಾಳೆಯಲ್ಲಿ ಗುರುತು ಹಾಕಿ. ಹತ್ತು ದಿನದ ಹಾಳೆ ನೋಡಿದರೆ ಬಹುತೇಕರಿಗೆ ಆರೇಳು ಪದಗಳೇ ಮತ್ತೆ ಮತ್ತೆ ಕಾಣುತ್ತವೆ. ಕಷ್ಟದ ಪದಗಳಲ್ಲ ಅವು.

ಟೈಪಿಸ್ಟ್_ನಂ_1

ಪರೀಕ್ಷೆಯಲ್ಲಿ ಅಳಿಸಿ ಬರೆಯುವ ಬೋರ್ಡು, ಪೆನ್ನು ಕೊಡ್ತಾರೆ. ಡಿಕ್ಟೇಶನ್‌ಗೆ ಅದರಲ್ಲಿ ಬರೆದುಕೊಳ್ಳಬೇಕಾ, ನೇರ ಟೈಪ್ ಮಾಡಬೇಕಾ ಅಂತ ಜಗಳ ಇದ್ದೇ ಇದೆ. ನನ್ನ ಅಭಿಪ್ರಾಯ: ನೋಡದೆ ಟೈಪ್ ಮಾಡಲು ಬಂದರೆ ನೇರ ಟೈಪ್. ಕೀಲಿ ಹುಡುಕುತ್ತಾ ಟೈಪ್ ಮಾಡುವವರಾದರೆ ಪದದ ಮೊದಲ ಒಂದೆರಡು ಅಕ್ಷರ ಬೋರ್ಡಲ್ಲಿ ಗೀಚಿಕೊಳ್ಳಿ, ಬಹುವಚನವಾದರೆ ಪಕ್ಕದಲ್ಲಿ ಒಂದು ಚುಕ್ಕಿ. ಬೋರ್ಡಲ್ಲಿ ಪೂರ್ತಿ ಪದ ಬರೆಯಲು ಹೋದರೆ ವಾಕ್ಯದ ಕೊನೆ ತಪ್ಪಿಹೋಗುತ್ತೆ.

ಇನ್ನೊಂದು. ಸ್ಪೆಲ್‌ಚೆಕ್ ಇಲ್ಲ, ಕೆಂಪು ಗೆರೆ ಬರಲ್ಲ. ಮನೆಯಲ್ಲಿ ಅಭ್ಯಾಸ ಮಾಡುವಾಗ ಬ್ರೌಸರಿನ ಸ್ಪೆಲ್‌ಚೆಕ್ ಆಫ್ ಮಾಡಿ. ಇದನ್ನು ಮಾಡದೆ "ನನ್ನ ಸ್ಪೆಲಿಂಗ್ ಚೆನ್ನಾಗಿದೆ" ಅನ್ನುವವರ ಮಾತು ನಂಬಬೇಡಿ.

ಕಾಫಿ_ಎಸ್ಟೇಟ್

ಏಕವಚನವೋ ಬಹುವಚನವೋ ಗೊತ್ತಾಗದಿದ್ದರೆ ಎರಡೂ ಬರೆದುಬಿಡಿ ಅಂತ ಕೋಚಿಂಗಿನಲ್ಲಿ ಹೇಳ್ತಾರಲ್ಲ? "ಲೆಕ್ಚರ್ ಲೆಕ್ಚರ್ಸ್" ಅಂತ.

ಕರಾವಳಿ_ಕಿವಿ

ತಪ್ಪು ಪದಕ್ಕೆ ಸೊನ್ನೆ, ಇದ್ದ ಅಂಕ ಕಡಿತ ಇಲ್ಲ. ಆ ಉಪಾಯ ಹುಟ್ಟಿದ್ದು ಅಲ್ಲಿಂದ. ವಾಕ್ಯಕ್ಕೆ ಒಂದು ಕಡೆ ಅನುಮಾನ ಬಂದಾಗ ಮಾಡುವವರು ಮಾಡುತ್ತಾರೆ. ಆದರೆ ಅದನ್ನೇ ಅಭ್ಯಾಸ ಮಾಡಿಕೊಂಡರೆ ಕಿವಿ ಸೋಮಾರಿಯಾಗುತ್ತದೆ. ಆಮೇಲೆ ಸಮರೈಸ್ ಸ್ಪೋಕನ್ ಟೆಕ್ಸ್ಟ್‌ನಲ್ಲಿ ಅದೇ ಕಿವಿ ಬೇಕಲ್ಲ, ಅಲ್ಲಿ ಎರಡೆರಡು ಬರೆದರೆ ವ್ಯಾಕರಣ ಹೋಗುತ್ತದೆ. ಕಡಿತ ಇರುವ ಪ್ರಶ್ನೆಗಳನ್ನೂ ನೆನಪಿಡಿ: ತಪ್ಪು ಪದ ಗುರುತಿಸುವುದರಲ್ಲಿ, ಒಂದಕ್ಕಿಂತ ಹೆಚ್ಚು ಉತ್ತರ ಇರುವ ಬಹು ಆಯ್ಕೆಯಲ್ಲಿ ತಪ್ಪು ಒತ್ತಿದರೆ ಒಂದು ಅಂಕ ಹೋಗುತ್ತದೆ. ಅಲ್ಲಿ ಅಂದಾಜಿಗೆ ಒತ್ತುವುದು ಬೇಡ.

ಧಾರವಾಡ_ಪೇಢೆ

ಟೈಮ್ ಬಗ್ಗೆ ಯಾರೂ ಹೇಳ್ಲಿಲ್ಲಲ್ರೀ. ಡಿಕ್ಟೇಶನ್ ಕಡೀಕ ಬರತೈತಿ ಅಂದ್ರಿ, ಸರಿ. ಲಿಸನಿಂಗ್‌ನ್ಯಾಗ ಸಮರೈಸ್ ಸ್ಪೋಕನ್ ಟೆಕ್ಸ್ಟ್‌ಗೆ ಅಷ್ಟೇ ಬ್ಯಾರೆ 10 ನಿಮಿಷ. ಉಳಿದಿದ್ದಕ್ಕೆಲ್ಲ ಒಂದೇ ಗಡಿಯಾರ ಓಡತೈತಿ. ಮಂದಿ ಬಹು ಆಯ್ಕೆ ಪ್ರಶ್ನೆ ಮುಂದ ಎರಡೆರಡು ನಿಮಿಷ ಕುಂತು ಯೋಚನಿ ಮಾಡ್ತಾರ, ಕಡೀಕ ಡಿಕ್ಟೇಶನ್‌ಗೆ ಬಂದಾಗ ಟೈಮೇ ಇರಂಗಿಲ್ಲ. ಒಂದು ಅಂಕದ ಸಲುವಾಗಿ ಮೂವತ್ತು ನಲವತ್ತು ಅಂಕ ಬಿಟ್ಟಂಗಾತು. ಡಿಕ್ಟೇಶನ್‌ಗೆ ಏನಿಲ್ಲಂದ್ರೂ 5 ನಿಮಿಷ ಇಟ್ಕೋರಿ. ಆಡಿಯೋ ಮುಗೀತಾ, ಉತ್ತರ ಒತ್ರಿ, ಮುಂದ ಹೋಗ್ರಿ.

ಕಾಫಿ_ಎಸ್ಟೇಟ್

ಐದು ನಿಮಿಷ ಇಟ್ಟುಕೊಳ್ಳೋದು ನೋಟ್ ಮಾಡಿಕೊಂಡೆ. ಸ್ಪೀಕಿಂಗ್ ಕಡೆ ಬರೋಣ. ರೀಟೆಲ್ ಲೆಕ್ಚರ್‌ಗೆ ಟೆಂಪ್ಲೇಟ್ (ಮೊದಲೇ ಕಟ್ಟಿಟ್ಟ ವಾಕ್ಯಗಳ ಚೌಕಟ್ಟು) ಬಾಯಿಪಾಠ ಮಾಡಿದರೆ ಸಾಕು, ಕೇಳಿದ ಐದಾರು ಪದ ಅದರೊಳಗೆ ತುರುಕಿದರೆ ಆಯಿತು, ಅಂಕ ಹಾಕುವ ಮಿಷಿನ್ ನಿರರ್ಗಳತೆ ಮಾತ್ರ ನೋಡುತ್ತೆ ಅಂತಾರೆ. ಸರಿನಾ?

ಮೆಲ್ಬರ್ನ್_ಮಳೆ

ಆ ಕಾಲ ಮುಗಿಯಿತು. 2025ರ ಆಗಸ್ಟ್ 7ರಿಂದ ಪಿಟಿಇ ಅಕಾಡೆಮಿಕ್‌ನಲ್ಲಿ ರೀಟೆಲ್ ಲೆಕ್ಚರ್, ಡಿಸ್ಕ್ರೈಬ್ ಇಮೇಜ್ (ಚಿತ್ರ ನೋಡಿ ವಿವರಿಸುವುದು), ಎರಡೂ ಸಾರಾಂಶ, ಪ್ರಬಂಧ ಇಂಥವುಗಳ ವಿಷಯಾಂಶವನ್ನು ಮಿಷಿನ್ ಜೊತೆಗೆ ಮನುಷ್ಯರೂ ನೋಡುತ್ತಾರೆ. ಅದೇ ದಿನದಿಂದ ಎರಡು ಹೊಸ ಪ್ರಶ್ನೆ ಕೂಡ ಸೇರಿತು: ರೆಸ್ಪಾಂಡ್ ಟು ಎ ಸಿಚುಯೇಶನ್ (ಕೊಟ್ಟ ಸನ್ನಿವೇಶಕ್ಕೆ ತಕ್ಕ ಮಾತಾಡುವುದು), ಸಮರೈಸ್ ಗ್ರೂಪ್ ಡಿಸ್ಕಶನ್ (ಮೂವರ ಮಾತುಕತೆ ಕೇಳಿ ಸಾರ ಹೇಳುವುದು). ವಿಷಯಾಂಶಕ್ಕೆ ಸೊನ್ನೆ ಬಿದ್ದರೆ ಉಚ್ಚಾರಣೆ, ನಿರರ್ಗಳತೆ ಯಾವುದಕ್ಕೂ ಅಂಕ ಇಲ್ಲ. "ದಿಸ್ ಲೆಕ್ಚರ್ ವಾಸ್ ವೆರಿ ಇನ್ಫರ್ಮೇಟಿವ್ ಅಂಡ್ ದಿ ಸ್ಪೀಕರ್ ಡಿಸ್ಕಸ್ಡ್ ಮೆನಿ ಕ್ರೂಶಿಯಲ್ ಪಾಯಿಂಟ್ಸ್" ಅಂತ ಶುರು ಮಾಡಿದರೆ 40 ಸೆಕೆಂಡಲ್ಲಿ ಆರೇಳು ಸೆಕೆಂಡು ಏನೂ ಹೇಳದೆ ಕಳೆದಂತೆ.

ಆಸ್ಟ್ರೇಲಿಯಾ ವೀಸಾಕ್ಕೆ ಬರೆಯುವವರು ಇನ್ನೊಂದು ಗಮನಿಸಿ. ಮೊದಲು ಇಂಗ್ಲಿಷಿನ ಅತಿ ಮೇಲಿನ ಹಂತವಾದ ಸುಪೀರಿಯರ್‌ಗೆ ನಾಲ್ಕರಲ್ಲೂ 79 ಇತ್ತು. 2025ರ ಆಗಸ್ಟ್ 7ರಿಂದ ಈಚೆಗೆ ಬರೆದ ಪರೀಕ್ಷೆಗೆ ಲಿಸನಿಂಗ್ 69, ರೀಡಿಂಗ್ 70, ರೈಟಿಂಗ್ 85, ಸ್ಪೀಕಿಂಗ್ 88. ಪ್ರೊಫಿಶಿಯೆಂಟ್‌ಗೆ (ಅದರ ಕೆಳಗಿನ ಹಂತ) ಕ್ರಮವಾಗಿ 58, 59, 69, 76. ಅಂದರೆ ಹೊಸದುರ್ಗದವರು ಹೇಳಿದ ಅಂಕದಲ್ಲಿ ಲಿಸನಿಂಗ್ 61, ರೀಡಿಂಗ್ 70 ಪ್ರೊಫಿಶಿಯೆಂಟ್‌ಗೆ ಆಗಲೇ ಸಾಕು. ಬಾಕಿ ಇರುವುದು ರೈಟಿಂಗ್‌ನಲ್ಲಿ 7, ಸ್ಪೀಕಿಂಗ್‌ನಲ್ಲಿ 3. ಎರಡನ್ನೂ ಎತ್ತುವುದು ಕೇಳಿ ಬರೆಯುವ, ಕೇಳಿ ಹೇಳುವ ಪ್ರಶ್ನೆಗಳೇ. ಹಳೆಯ "65 ಈಚ್, 79 ಈಚ್" ಲೆಕ್ಕದ ವಿಡಿಯೋಗಳನ್ನು ನೋಡಿ ಯೋಜನೆ ಹಾಕಬೇಡಿ.

ಹೊಸದುರ್ಗ_ಗಾಳಿ

ಟೆಂಪ್ಲೇಟ್ ಇಲ್ಲದೆ ರೀಟೆಲ್ ಲೆಕ್ಚರ್ ಹೇಗೆ ಕಟ್ಟೋದು? 90 ಸೆಕೆಂಡು ಕೇಳಿ, 10 ಸೆಕೆಂಡು ಬಿಟ್ಟು, 40 ಸೆಕೆಂಡು ಮಾತಾಡಬೇಕು. ನೋಟ್ಸ್ ನೋಡಿದರೆ ನನಗೇ ಅರ್ಥ ಆಗಲ್ಲ.

ಶಿರಸಿ_ಅಡಕೆ

ನೋಟ್ಸ್ ಹೆಚ್ಚಾಗಿದೆ ಅಂತ ಅರ್ಥ. 90 ಸೆಕೆಂಡಿನ ಉಪನ್ಯಾಸಕ್ಕೆ 12ರಿಂದ 15 ಪದ ಸಾಕು, ಅದೂ ಬೋರ್ಡಿನಲ್ಲಿ ಮೇಲಿಂದ ಕೆಳಕ್ಕೆ, ಅಡ್ಡಡ್ಡ ಬೇಡ. ಬರೆಯಬೇಕಾದ್ದು ನಾಮಪದ, ಅವುಗಳ ನಡುವಿನ ಸಂಬಂಧಕ್ಕೆ ಬಾಣ. "ಬಟ್", "ಹೌಎವರ್", "ಸೋ" ಕೇಳಿಸಿದ ಕೂಡಲೇ ಒಂದು ಅಡ್ಡಗೆರೆ ಎಳೆಯಿರಿ. ಮಾತು ತಿರುಗುವ ಜಾಗ ಅದು, ಸಾರಾಂಶಕ್ಕೆ ಅದೇ ಮುಖ್ಯ.

ನಗರದ ಬಿಸಿಯ ಬಗ್ಗೆ ಒಂದು ಉಪನ್ಯಾಸ ಅಂದುಕೊಳ್ಳಿ. ಬೋರ್ಡಿನಲ್ಲಿ ಇಷ್ಟೇ ಇರಬೇಕು:

ಸಿಟಿ ಬಿಸಿ > ಹಳ್ಳಿ
ಡಾರ್ಕ್ ರೂಫ್ → ಹಗಲು ಅಬ್ಸಾರ್ಬ್, ರಾತ್ರಿ ರಿಲೀಸ್
ವೈಟ್ ಪೇಂಟ್ → ರಿಫ್ಲೆಕ್ಟ್
———
ಡಸ್ಟ್ → ಎಫೆಕ್ಟ್ ↓ → ಕ್ಲೀನ್

ಮಾತಾಡುವಾಗ ಪ್ರತಿ ಸಾಲಿಗೆ ಒಂದು ವಾಕ್ಯ, ಒಟ್ಟು ನಾಲ್ಕು. ಒಂದೊಂದು ಎಂಟು ಒಂಬತ್ತು ಸೆಕೆಂಡು, 35ರ ಹತ್ತಿರ ನಿಲ್ಲುತ್ತದೆ. ಕೊನೆಯ ವಾಕ್ಯ ಅರ್ಧಕ್ಕೆ ಕತ್ತರಿಸಿಹೋಗುವುದಕ್ಕಿಂತ ಐದು ಸೆಕೆಂಡು ಮೊದಲೇ ಮುಗಿಸುವುದು ಮೇಲು.

ಇದೇ ಟಿಪ್ಪಣಿ ಸಮರೈಸ್ ಸ್ಪೋಕನ್ ಟೆಕ್ಸ್ಟ್‌ಗೂ ಆಗುತ್ತದೆ. ಅಲ್ಲಿ 50ರಿಂದ 70 ಪದ ಬರೆಯಬೇಕು:

"ದಿ ಲೆಕ್ಚರ್ ಎಕ್ಸ್‌ಪ್ಲೇನ್ಡ್ ವೈ ಸಿಟೀಸ್ ರಿಮೇನ್ ವಾರ್ಮರ್ ದ್ಯಾನ್ ನಿಯರ್‌ಬೈ ವಿಲೇಜಸ್, ಅಂಡ್ ಇಟ್ ಐಡೆಂಟಿಫೈಡ್ ಡಾರ್ಕ್ ರೂಫ್ಸ್, ವಿಚ್ ಅಬ್ಸಾರ್ಬ್ ಸನ್‌ಲೈಟ್ ಡ್ಯೂರಿಂಗ್ ದಿ ಡೇ ಅಂಡ್ ರಿಲೀಸ್ ಹೀಟ್ ಅಟ್ ನೈಟ್, ಆ್ಯಸ್ ಎ ಮೇಜರ್ ಕಾಸ್. ದಿ ಸ್ಪೀಕರ್ ಸಜೆಸ್ಟೆಡ್ ದಟ್ ವೈಟ್ ಪೇಂಟ್ ಕುಡ್ ರಿಫ್ಲೆಕ್ಟ್ ದಿಸ್ ಸನ್‌ಲೈಟ್, ಬಟ್ ವಾರ್ನ್ಡ್ ದಟ್ ಡಸ್ಟ್ ಗ್ರ್ಯಾಜುಯಲಿ ರೆಡ್ಯೂಸಸ್ ದಿ ಎಫೆಕ್ಟ್, ಸೋ ರೂಫ್ಸ್ ಮಸ್ಟ್ ಬಿ ಕ್ಲೀನ್ಡ್ ರೆಗ್ಯುಲರ್ಲಿ."

54 ಪದ, ಎರಡು ವಾಕ್ಯ. ಗಡಿಯಾಚೆ ಹೋದರೆ ಏನಾಗುತ್ತದೆ ಅಂದರೆ: 40ರಿಂದ 49 ಅಥವಾ 71ರಿಂದ 100 ಪದಕ್ಕೆ ರೂಪದ (ಪದಮಿತಿ ಪಾಲಿಸಿದ್ದಕ್ಕೆ ಸಿಗುವ) ಅಂಕ ಎರಡರಲ್ಲಿ ಒಂದು, ಅದರಾಚೆ ಸೊನ್ನೆ. ಸ್ಪೆಲಿಂಗ್‌ಗೆ ಬೇರೆ ಎರಡು ಅಂಕ: ಒಂದು ತಪ್ಪಿಗೆ ಒಂದು ಹೋಗುತ್ತದೆ, ಎರಡು ತಪ್ಪಾದರೆ ಎರಡೂ ಹೋಗುತ್ತವೆ. ಅದಕ್ಕೆ 10 ನಿಮಿಷದಲ್ಲಿ ಬರೆಯುವುದು ಆರು ನಿಮಿಷ, ಉಳಿದ ನಾಲ್ಕು ನಿಮಿಷ ಪದ ಪದ ಹಿಡಿದು ನೋಡುವುದು. ಬ್ರಿಟಿಷ್ ಸ್ಪೆಲಿಂಗ್ ಆದರೂ ಸರಿ, ಅಮೆರಿಕನ್ ಆದರೂ ಸರಿ, ಒಂದೇ ಉತ್ತರದಲ್ಲಿ ಎರಡನ್ನೂ ಕಲಸಬೇಡಿ.

ಟೈಪಿಸ್ಟ್_ನಂ_1

ನೋಟ್ಸ್ ಬಗ್ಗೆ ಒಂದು ಸಣ್ಣ ಮಾತು. "ಬಿಸಿ", "ಹಗಲು" ಅಂತ ಕನ್ನಡದಲ್ಲಿ ಬರೆದಿದ್ದೀರಿ, ಇದು ಒಳ್ಳೆಯದಾ? ಮಾತಾಡುವಾಗ ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕಲ್ಲ.

ಶಿರಸಿ_ಅಡಕೆ

ಎರಡಕ್ಷರದ ಪದ ಬೇಗ ಬರೆಯಬಹುದು ಅಂತ ಅಷ್ಟೆ. ಆಕ್ಷೇಪ ಸರಿಯಾದದ್ದೇ, ತಿರುಗಿಸುವಾಗ ತಡವರಿಸುವವರು ಮಾಡಬಾರದು.

ಕನ್ನಡ ಲಿಪಿಯ ನಿಜವಾದ ಉಪಯೋಗ ಬೇರೆ ಇದೆ. ರೀಟೆಲ್ ಲೆಕ್ಚರ್‌ನಲ್ಲಿ ಕೇಳಿರದ ಹೆಸರೋ ಶಾಸ್ತ್ರದ ಪದವೋ ಬಂದರೆ ಇಂಗ್ಲಿಷ್ ಸ್ಪೆಲಿಂಗ್ ಹುಡುಕುತ್ತಾ ಕೂರಬೇಡಿ. ಕಿವಿಗೆ ಬಿದ್ದಂತೆ ಕನ್ನಡದಲ್ಲಿ ಗೀಚಿ: "ಯೂಟ್ರೊಫಿಕೇಶನ್". ಬರೆದಂತೆ ಓದುವ ಲಿಪಿ, ಹಾಗೇ ಹೇಳಬಹುದು. ಸಾರಾಂಶ ಬರೆಯುವ ಪ್ರಶ್ನೆಯಲ್ಲಿ ಮಾತ್ರ ಇದು ಕೆಲಸಕ್ಕೆ ಬಾರದು, ಅಲ್ಲಿ ಸ್ಪೆಲಿಂಗೇ ಬೇಕು. ಸ್ಪೆಲಿಂಗ್ ಗೊತ್ತಿಲ್ಲದ ಪದವನ್ನು ಅಲ್ಲಿ ಬಿಟ್ಟು "ದಿಸ್ ಪ್ರೊಸೆಸ್" ಅಂತ ಬರೆದು ಪಾರಾಗಿ.

ಕಾಫಿ_ಎಸ್ಟೇಟ್

ರಿಪೀಟ್ ಸೆಂಟೆನ್ಸ್ ಬಗ್ಗೆಯೂ ಯಾರಾದರೂ ಹೇಳಿ. ಹತ್ತರಿಂದ ಹನ್ನೆರಡು ಬರುತ್ತವಲ್ಲ, ಅರ್ಧ ವಾಕ್ಯ ಮರೆತೇ ಹೋಗುತ್ತೆ.

ಮೆಲ್ಬರ್ನ್_ಮಳೆ

ಮೊದಲು ಅಂಕ ಹೇಗೆ ಅಂತ ನೋಡಿ. ಎಲ್ಲ ಪದ ಸರಿಯಾದ ಕ್ರಮದಲ್ಲಿ ಬಂದರೆ 3, ಅರ್ಧ ಅಥವಾ ಹೆಚ್ಚು ಬಂದರೆ 2, ಅರ್ಧಕ್ಕಿಂತ ಕಡಿಮೆಯಾದರೆ 1. ಅಂದರೆ ಹನ್ನೆರಡು ಪದದಲ್ಲಿ ಒಂದು ಬಿಟ್ಟರೂ ಎರಡೇ, ಐದು ಬಿಟ್ಟರೂ ಎರಡೇ. ಹಾಗಾಗಿ ಮರೆತ ಪದಕ್ಕಾಗಿ ನಿಂತು ತಡಕಾಡುವುದು ಶುದ್ಧ ನಷ್ಟ. ವಿಷಯಾಂಶದಲ್ಲಿ ಉಳಿಸಲು ಹೋಗಿ ನಿರರ್ಗಳತೆಯಲ್ಲಿ ಕಳೆದುಕೊಳ್ಳುತ್ತೀರಿ. ಗೊತ್ತಿದ್ದಷ್ಟನ್ನು ನಿಲ್ಲಿಸದೆ ಹೇಳಿ ಮುಗಿಸಿ.

ವಾಕ್ಯವನ್ನು ತುಂಡು ಮಾಡಿ ಹಿಡಿಯಿರಿ: "ಸ್ಟೂಡೆಂಟ್ಸ್ ಹು ಮಿಸ್ ದಿ ಫಸ್ಟ್ ಸೆಮಿನಾರ್ / ಮಸ್ಟ್ ಕಾಂಟ್ಯಾಕ್ಟ್ ದೇರ್ ಟ್ಯೂಟರ್ / ಬಿಫೋರ್ ಫ್ರೈಡೇ." ಹನ್ನೆರಡು ಪದ ನೆನಪಿಡುವುದು ಕಷ್ಟ, ಮೂರು ತುಂಡು ಕಷ್ಟವಲ್ಲ. ಮಾತಾಡುವವರ ಏರಿಳಿತ ಎಲ್ಲಿ ಇಳಿಯುತ್ತದೋ ಅಲ್ಲಿ ತುಂಡು. ಕೇಳುವಾಗ ಕಣ್ಣು ಮುಚ್ಚಿ, ಆದರೆ ಮುಗಿದ ಕೂಡಲೇ ತೆರೆಯಿರಿ. ಈ ಪ್ರಶ್ನೆಗೆ ಬೀಪ್ ಇಲ್ಲ, ಮೈಕ್ ತೆರೆದಿದೆ ಅಂತ ಪರದೆಯ ಮೇಲೆ ಮಾತ್ರ ಗೊತ್ತಾಗುತ್ತದೆ. ಬೀಪ್‌ಗೆ ಕಾಯುತ್ತಾ ಕೂತರೆ ಮೂರು ಸೆಕೆಂಡು ಮೌನವಾದ ಮೇಲೆ ರೆಕಾರ್ಡಿಂಗ್ ಮುಚ್ಚಿಕೊಳ್ಳುತ್ತದೆ. ರೀಟೆಲ್ ಲೆಕ್ಚರ್‌ನಲ್ಲಿ ತದ್ವಿರುದ್ಧ. ಅಲ್ಲಿ ಬೀಪ್ ಇದೆ, ಅದಕ್ಕೆ ಮೊದಲು ಆಡಿದ ಮಾತು ದಾಖಲಾಗುವುದಿಲ್ಲ.

ಧಾರವಾಡ_ಪೇಢೆ

ಉಚ್ಚಾರದ ವಿಷಯ ಸೇರಸ್ತೇನ್ರಿ. ಅಮೆರಿಕದವರಂಗ ಮಾತಾಡಬೇಕಂತೇನಿಲ್ಲ, ಬ್ಯಾಡ. ನಮ್ಮ ಕನ್ನಡದ ನಾಲ್ಕು ಚಟ ಬಿಟ್ರ ಸಾಕು.

ಒಂದು, ಬಾಲಕ್ಕ "ಉ" ಅಂಟ್ಸೋದು. ನಮಗ ವ್ಯಂಜನದ ಮ್ಯಾಲೆ ಪದ ನಿಲ್ಲಿಸಿ ರೂಢಿಯಿಲ್ಲ, ಬಸ್ಸು, ಕಾರು, ಬ್ಯಾಂಕು. "ಮಸ್ಟು ಕಾಂಟ್ಯಾಕ್ಟು" ಅಂದ್ರ ಎರಡು ಅಕ್ಷರ ಜಾಸ್ತಿ ಆಗತಾವು, ಲಯ ಕೆಡತೈತಿ. ಎರಡು, "ಎವ್ರಿ"ಗೆ "ಯೆವ್ರಿ", "ಓನ್ಲಿ"ಗೆ "ವೋನ್ಲಿ". ಮೂರು, ನಮಗ "ವ" ಒಂದೇ, ಅವರಿಗೆ ಎರಡು. "ವೆಸ್ಟ್" ಅಂದ್ರ ದಿಕ್ಕೋ ಅಂಗಿಯೋ? ದಿಕ್ಕಿಗೆ ತುಟಿ ಗುಂಡಗ ಮಾಡ್ರಿ, ಹಲ್ಲು ತಾಗಬಾರ್ದು. ಅಂಗಿಗೆ ಮ್ಯಾಲಿನ ಹಲ್ಲು ಕೆಳತುಟಿಗೆ ತಾಗ್ಲಿ. ನಾಲ್ಕು, "ಝೀರೋ"ಕ್ಕ "ಜೀರೋ".

ಮೊದಲನೇದು ಸರಿ ಮಾಡಿದ್ರ ಉಳಿದದ್ದು ನಿಧಾನಕ್ಕ ಬರತಾವು. ಫೋನ್‌ನ್ಯಾಗ ರೆಕಾರ್ಡ್ ಮಾಡ್ಕೊಂಡು ಬಾಲದ "ಉ" ಎಷ್ಟು ಬಂತು ಅಂತ ಅದನ್ನಷ್ಟೇ ಎಣಸ್ರಿ.

ಹೊಸದುರ್ಗ_ಗಾಳಿ

"ಮಸ್ಟು ಕಾಂಟ್ಯಾಕ್ಟು" ಓದಿ ನಗು ಬಂತು, ಆಮೇಲೆ ಹೇಳಿ ನೋಡಿದೆ, ನಗು ಹೋಯಿತು. ಸಮರೈಸ್ ರಿಟನ್ ಟೆಕ್ಸ್ಟ್ ಒಂದು ಉಳಿಯಿತು.

ಶಿರಸಿ_ಅಡಕೆ

300 ಪದದೊಳಗಿನ ಗದ್ಯ, 10 ನಿಮಿಷ, ಒಂದೇ ವಾಕ್ಯ, 5ರಿಂದ 75 ಪದ. ವಾಕ್ಯ ಎರಡಾಯಿತೋ, ಪದ 75 ದಾಟಿತೋ, ರೂಪಕ್ಕೆ ಸೊನ್ನೆ. ಆಮೇಲೆ ವ್ಯಾಕರಣ, ಪದಸಂಪತ್ತು ಯಾವುದನ್ನೂ ನೋಡುವುದೇ ಇಲ್ಲ.

ಇಲ್ಲಿ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ನಾಲ್ಕು ವಾಕ್ಯ ಎತ್ತಿಕೊಂಡು "ಅಂಡ್, ಅಂಡ್" ಅಂತ ಹೊಲಿಯುವುದು. 72 ಪದ ಆಗುತ್ತದೆ, ಕರ್ತೃ ಯಾವುದು ಅಂತ ಬರೆದವರಿಗೇ ಗೊತ್ತಿರುವುದಿಲ್ಲ. ಮೊದಲು ಗದ್ಯದ ತೀರ್ಮಾನ ಏನು ಅಂತ ಎಂಟು ಹತ್ತು ಪದದಲ್ಲಿ ಬರೆಯಿರಿ. ಅದು ಮುಖ್ಯ ವಾಕ್ಯ. ಆಮೇಲೆ "ಬಿಕಾಸ್" ಹಾಕಿ ಕಾರಣ, "ಆಲ್ದೋ" ಹಾಕಿ ಅಡ್ಡಿ. ಮುಖ್ಯ ವಾಕ್ಯಕ್ಕೆ ಎರಡೇ ಕೊಕ್ಕೆ, ಮೂರನೆಯದು ಬೇಡ. 35ರಿಂದ 50 ಪದದಲ್ಲಿ ನಿಂತರೆ ಸಾಕು. ಅಂಕಿಸಂಖ್ಯೆ, ಉದಾಹರಣೆ, ವಿದ್ವಾಂಸರ ಹೆಸರು ಬಿಡಿ. ಮೂಲದ ಪದಗಳನ್ನು ಬಳಸಬಹುದು. ಹಟಕ್ಕೆ ಬಿದ್ದು ಪ್ರತಿ ಪದಕ್ಕೂ ಸಮಾನಾರ್ಥಕ ಹಾಕಲು ಹೋಗಿ ಅರ್ಥ ಕೆಡಿಸಿಕೊಂಡವರೇ ಜಾಸ್ತಿ.

ಕಾಫಿ_ಎಸ್ಟೇಟ್

ಮನೆಯಲ್ಲಿ ಟೋಫೆಲ್ (ಇನ್ನೊಂದು ಇಂಗ್ಲಿಷ್ ಪರೀಕ್ಷೆ) ಹಳೆಯ ಪುಸ್ತಕ ಬಿದ್ದಿವೆ. ಅದರ ಇಂಟಿಗ್ರೇಟೆಡ್ (ಎರಡು ಮೂರು ಕೌಶಲ ಸೇರಿದ) ಪ್ರಶ್ನೆಗಳು ಇದಕ್ಕೆ ಉಪಯೋಗಕ್ಕೆ ಬರುತ್ತಾ?

ಮೆಲ್ಬರ್ನ್_ಮಳೆ

ಟೋಫೆಲ್‌ಗೇ ಈಗ ಅವು ಇಲ್ಲ. ಮೂರು ನಿಮಿಷ ಓದಿ, ಎರಡು ನಿಮಿಷದ ಉಪನ್ಯಾಸ ಕೇಳಿ, 20 ನಿಮಿಷದಲ್ಲಿ ಬರೆಯುವ ಆ ಪ್ರಶ್ನೆ 2026ರ ಜನವರಿ 21ರಿಂದ ಹೋಯಿತು. ಪುಸ್ತಕ ರದ್ದಿಗೆ ಹಾಕುವ ಮೊದಲು ಅದರ ಆಡಿಯೋ ಉಳಿಸಿಕೊಳ್ಳಿ. ಸ್ಪೀಕಿಂಗ್ ಭಾಗದ ಒಂದೂವರೆ ಎರಡು ನಿಮಿಷದ ಉಪನ್ಯಾಸಗಳು ರೀಟೆಲ್ ಲೆಕ್ಚರ್‌ಗೆ ಸ್ವಲ್ಪ ಉದ್ದವಾದರೂ ನೋಟ್ಸ್ ಅಭ್ಯಾಸಕ್ಕೆ ಚೆನ್ನ. ಆದರೆ ಹೆಚ್ಚಿನವು ಅಮೆರಿಕನ್ ಉಚ್ಚಾರಣೆಯ ಕಡೆಗೇ ವಾಲಿರುತ್ತವೆ. ಪಿಟಿಇಯಲ್ಲಿ ಬ್ರಿಟಿಷ್, ಆಸ್ಟ್ರೇಲಿಯನ್ ದನಿಗಳೂ ಬರುತ್ತವೆ, ಆಸ್ಟ್ರೇಲಿಯಾದ ರೇಡಿಯೋ ಸಂದರ್ಶನ ದಿನಕ್ಕೆ ಹತ್ತು ನಿಮಿಷ ಕೇಳಿ.

ಗ್ರೂಪ್ ಡಿಸ್ಕಶನ್‌ಗಂತೂ ಅದೇ ಸರಿಯಾದ ಅಭ್ಯಾಸ. ಮೂವರ ಮಾತುಕತೆ ಮೂರು ನಿಮಿಷದವರೆಗೆ ಇರುತ್ತದೆ, ಎರಡು ನಿಮಿಷ ಮಾತಾಡಲು ಕೊಡುತ್ತಾರೆ. ಬೋರ್ಡಲ್ಲಿ ಮೂರು ಕಂಬ ಎಳೆದು ಯಾರು ಏನಂದರು ಅಂತ ಅವರವರ ಕಂಬದಲ್ಲೇ ಬರೆಯಿರಿ. ಎಲ್ಲ ಒಂದೇ ರಾಶಿ ಹಾಕಿದರೆ ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಹೋಗುತ್ತದೆ.

ಹೊಸದುರ್ಗ_ಗಾಳಿ

ಆರು ವಾರಕ್ಕೆ ಹೀಗೆ ಹಾಕಿಕೊಂಡಿದ್ದೇನೆ, ತಪ್ಪಿದ್ದರೆ ಹೇಳಿ. ದಿನಕ್ಕೆ ಒಂದೂವರೆ ಗಂಟೆ: ಡಿಕ್ಟೇಶನ್ 20 ವಾಕ್ಯ, ರಿಪೀಟ್ ಸೆಂಟೆನ್ಸ್ 20, ರೀಟೆಲ್ ಲೆಕ್ಚರ್ ಮೂರು, ಎರಡು ಸಾರಾಂಶಗಳಲ್ಲಿ ಒಂದು ದಿನ ಇದು ಒಂದು ದಿನ ಅದು. ಪ್ರಬಂಧ ವಾರಕ್ಕೆ ಒಂದು. ಮಾಕ್ ಟೆಸ್ಟ್ ಎರಡನೇ, ನಾಲ್ಕನೇ, ಐದನೇ ವಾರದ ಕೊನೆಗೆ.

ಕರಾವಳಿ_ಕಿವಿ

ಸರಿ ಇದೆ. ಗ್ರೂಪ್ ಡಿಸ್ಕಶನ್ ಬಿಟ್ಟುಹೋಗಿದೆ, ವಾರಕ್ಕೆ ಮೂರಾದರೂ ಸೇರಿಸಿ. ಸ್ಪೀಕಿಂಗ್ ಅಭ್ಯಾಸ ಒಬ್ಬರೇ ಮೌನದ ಕೋಣೆಯಲ್ಲಿ ಮಾಡಬೇಡಿ. ಪರೀಕ್ಷಾ ಕೇಂದ್ರದಲ್ಲಿ ಅಕ್ಕಪಕ್ಕದವರೆಲ್ಲ ಒಟ್ಟಿಗೆ ಮಾತಾಡುತ್ತಿರುತ್ತಾರೆ, ಹೆಡ್‌ಫೋನ್ ಹಾಕಿದರೂ ಕೇಳಿಸುತ್ತದೆ. ಟಿವಿ ಹಚ್ಚಿ ವಾರ್ತೆ ಹಾಕಿಕೊಂಡು ಅಭ್ಯಾಸ ಮಾಡಿ.

ಟೈಪಿಸ್ಟ್_ನಂ_1

ಮೈಕ್ ಬಾಯಿಯ ಎದುರಿಗೆ ಬೇಡ, ತುಟಿಯಿಂದ ಎರಡು ಬೆರಳು ಕೆಳಗೆ, ಗದ್ದದ ಹತ್ತಿರ. ಎದುರಿಗಿದ್ದರೆ "ಪ", "ಫ" ಹೇಳುವಾಗ ಉಸಿರು ಬಡಿದು ಪಟಪಟ ಸದ್ದು ಬರುತ್ತೆ. ಶುರುವಿನಲ್ಲಿ ಮೈಕ್ ಪರೀಕ್ಷೆ ಇರುತ್ತೆ, ನಿಮ್ಮ ದನಿ ನೀವೇ ಕೇಳಬಹುದು. ಅಲ್ಲಿ ಕರಕರ ಅಂದರೆ ಆಗಲೇ ಕೈ ಎತ್ತಿ, ಶುರುವಾದ ಮೇಲೆ ಅಲ್ಲ.